ಬಲಾಬುಷ್ಕಾ: ಸಾಧಾರಣ ಕೋಲಿಗೆ ಮರುಜನ್ಮ ನೀಡಿದ ಬಡಗಿ

1986ರಲ್ಲಿ ತೆರೆಕಂಡ, ಮಾರ್ಟಿನ್ ಸ್ಕೋರ್ಸೆಸಿ ನಿರ್ದೇಶನದ 'ದಿ ಕಲರ್ ಆಫ್ ಮನಿ' ಚಿತ್ರದಲ್ಲಿ ಪಾಲ್ ನ್ಯೂಮನ್ ತನ್ನ ಶಿಷ್ಯನಿಗೆ ಪೂಲ್ ಆಟದ ಕ್ಯೂ ಒಂದನ್ನು ಉಡುಗೊರೆಯಾಗಿ ನೀಡುವ ದೃಶ್ಯವಿದೆ. ಬಲಾಬುಷ್ಕಾ ಎಂಬ ಹೆಸರು ಆಟಗಾರರ ವಲಯವನ್ನು ದಾಟಿ ಜನಜನಿತವಾದದ್ದು ಆ ಚಿತ್ರದಿಂದ. ವಿಪರ್ಯಾಸವೆಂದರೆ, ತೆರೆಯ ಮೇಲಿದ್ದುದು ಜಾಸ್ ಕಂಪೆನಿಯ ಕ್ಯೂ. ಅಸಲಿ ಬಲಾಬುಷ್ಕಾ ಎಲ್ಲಿ ಹಾಳಾದೀತೋ ಎಂಬ ಆತಂಕವೇ ಇದಕ್ಕೆ ಕಾರಣ! ಆ ವೇಳೆಗೆ ಅದರ ನಿರ್ಮಾತೃ ಅಸುನೀಗಿ ದಶಕ ಕಳೆದಿತ್ತು.

ಜಾರ್ಜ್ ಬಲಾಬುಷ್ಕಾ 1912ರಲ್ಲಿ ರಷ್ಯಾದಲ್ಲಿ ಜನಿಸಿದರು. 1924ರಲ್ಲಿ ಕುಟುಂಬದೊಂದಿಗೆ ಅಮೆರಿಕಕ್ಕೆ ವಲಸೆ ಬಂದು ನ್ಯೂಯಾರ್ಕ್‌ನಲ್ಲಿ ನೆಲೆಸಿದರು. ಮರದ ಆಟಿಕೆ, ಪೀಠೋಪಕರಣಗಳ ತಯಾರಿಕೆಯೇ ಅವರ ಕಸುಬು. ಪೂಲ್ ಆಟ ಅವರ ಗೀಳು. 1959ರಲ್ಲಿ ಗೆಳೆಯರೊಬ್ಬರೊಡನೆ ಪೂಲ್ ಕೋಣೆಯೊಂದನ್ನು ಖರೀದಿಸಿದ ಮೇಲೆ ಕ್ಯೂಗಳ ದುರಸ್ತಿಯೂ ಅವರ ಹೆಗಲೇರಿತು. ಆ ವರ್ಷದ ಕ್ರಿಸ್‌ಮಸ್‌ಗೆ ತಾವೇ ತಯಾರಿಸಿದ ಕ್ಯೂಗಳನ್ನು ಸ್ನೇಹಿತರಿಗೆ ಹಂಚಿದರು. ಅಲ್ಲಿಂದ ಬೇಡಿಕೆ ಬೆನ್ನುಹತ್ತಿತು.

ಅವರು ಆರಂಭದಲ್ಲಿ ಆರಿಸಿಕೊಂಡದ್ದು ದುಬಾರಿ ಸಾಮಗ್ರಿಯನ್ನಲ್ಲ. ಪೂಲ್ ಕೋಣೆಗಳ ಗೋಡೆಗೆ ಒರಗಿಸಿಡುತ್ತಿದ್ದ ಬ್ರನ್ಸ್‌ವಿಕ್ ಕಂಪೆನಿಯ 'ಟೈಟ್ಲಿಸ್ಟ್' ಎಂಬ ಒಂದೇ ತುಂಡಿನ ಕೋಲನ್ನು! ಅದರ ಹಿಡಿಕೆಯಲ್ಲಿ ಗಾಢವರ್ಣದ ಗಟ್ಟಿ ಮರವನ್ನು ಮೇಪಲ್ ಮರದೊಳಗೆ ಚೂಪುಮೊನೆಗಳಾಗಿ ಬೆಸೆದಿರುತ್ತಿದ್ದರು. ಬಲಾಬುಷ್ಕಾ ಅದನ್ನು ಕತ್ತರಿಸಿ, ಲೇತ್ ಯಂತ್ರದಲ್ಲಿ ಕಡೆದು, ಎರಡು ಭಾಗಗಳ ಕ್ಯೂ ಆಗಿ ಮಾರ್ಪಡಿಸುತ್ತಿದ್ದರು. ಅವರು ಹೆಚ್ಚಾಗಿ ಬಳಸಿದ್ದು ಉಕ್ಕಿನ ಜೋಡಣೆ. ನಡುವೆ ಕೂರುವ ಈ ಲೋಹದಿಂದ ಕ್ಯೂವಿನ ತೂಕ ತುಸು ಮುಂದಕ್ಕೆ ಸರಿಯುತ್ತದೆ. ಹಿಡಿಕೆಗೆ ಸುತ್ತುತ್ತಿದ್ದ ಐರಿಷ್ ಲಿನನ್ ದಾರ ಅಂಗೈಯ ಬೆವರನ್ನು ಹೀರಿ, ಕೈ ಜಾರದಂತೆ ತಡೆಯುತ್ತಿತ್ತು. ಕ್ಯೂ ಕೊಳ್ಳುವವರು ಮೊದಲು ಗಮನಿಸುವುದು ಕೆತ್ತನೆಯ ಅಂದವನ್ನು. ಆದರೆ ಚೆಂಡಿಗೆ ತಗುಲಿದ ಕ್ಷಣ ಕೈಗೆ ನಿಜ ಹೇಳುವುದು ಜೋಡಣೆ, ತೂಕದ ಹಂಚಿಕೆ ಮತ್ತು ತುದಿಯ ಚರ್ಮದ ಬಿಲ್ಲೆ. ಬಲಾಬುಷ್ಕಾ ಅವರ ಕೀರ್ತಿ ನಿಂತಿರುವುದೂ ಅಲಂಕಾರದ ಮೇಲಲ್ಲ. ಅವರ ಕ್ಯೂಗಳು ಬಹುಪಾಲು ಸರಳ.

1966ರ ನಂತರ ಬರ್ಟನ್ ಸ್ಪೇನ್, ಆಮೇಲೆ ಗಸ್ ಜಂಬೋಟಿ ಬೆಸೆದುಕೊಟ್ಟ ಮರವನ್ನು ಅವರು ಬಳಸಿದರು. 1975ರ ಡಿಸೆಂಬರ್‌ನಲ್ಲಿ ನಿಧನರಾಗುವವರೆಗೆ ತಯಾರಿಸಿದ ಕ್ಯೂಗಳು ಸುಮಾರು ಒಂದು ಸಾವಿರವೆಂಬುದು ಅಂದಾಜು. ಬೆಲೆ ಏರಿದಂತೆ ನಕಲಿಗಳೂ ಹುಟ್ಟಿಕೊಂಡವು. ಟೈಟ್ಲಿಸ್ಟ್ ಕೋಲನ್ನು ಇತರ ಕುಶಲಕರ್ಮಿಗಳೂ ಇದೇ ರೀತಿ ಮಾರ್ಪಡಿಸುತ್ತಿದ್ದುದರಿಂದ, ಹಿಡಿಕೆಯ ಮರವೊಂದನ್ನೇ ನೋಡಿ ಅಸಲಿಯೆಂದು ನಿರ್ಧರಿಸಲಾಗದು.