‘ನಿರಪಾಯಕಾರಿ’ ಎಂದು ಬೋರ್ಡು ಹಾಕಿಕೊಂಡವನ ಕಥೆ

1909ರಲ್ಲಿ ಪ್ಯಾರಿಸ್‌ನಲ್ಲಿ ಒಂದು ಕಂಪನಿ ಶುರುವಾಯ್ತು. ಅದರ ಹೆಸರನ್ನು ಕನ್ನಡಕ್ಕೆ ತಂದರೆ ‘ನಿರಪಾಯಕಾರಿ ಕೂದಲ ಬಣ್ಣಗಳ ಫ್ರೆಂಚ್ ಕಂಪನಿ’ ಅಂತಾಗುತ್ತೆ. ತನ್ನ ಸರಕಿಗೆ ತಾನೇ ಸರ್ಟಿಫಿಕೇಟು ಕೊಟ್ಟುಕೊಂಡ ಆ ವ್ಯಕ್ತಿ ಯೂಜೀನ್ ಶುಲೆರ್. ಆ ಕಂಪನಿಯೇ ಇವತ್ತಿನ ಲೋರಿಯಲ್.

ಶುಲೆರ್ ಹುಟ್ಟಿದ್ದು 1881ರಲ್ಲಿ, ಬೇಕರಿ ಕೆಲಸದವರ ಮನೆಯಲ್ಲಿ. ಓದಿದ್ದು ರಸಾಯನಶಾಸ್ತ್ರ. ಸೀಸ ಮತ್ತು ಬೆಳ್ಳಿಯ ಲವಣ ಬೆರೆಸಿ ಕೂದಲಿಗೆ ಬಣ್ಣ ಹಚ್ಚುತ್ತಿದ್ದ ಕಾಲವದು. 1907ರಲ್ಲಿ ಆತ ಕೃತಕ ಬಣ್ಣ ತಯಾರಿಸಿ, ಪ್ಯಾರಿಸ್‌ನ ಸಲೂನುಗಳಿಗೆ ತಾನೇ ಹೋಗಿ ಮಾರಿದ.

1930ರ ದಶಕದ ಮಧ್ಯದಲ್ಲಿ ಬಂದದ್ದು ‘ಆಂಬ್ರ್ ಸೊಲೇರ್’ ಎಣ್ಣೆ. ಅದರಲ್ಲಿದ್ದ ಬೆಂಜೈಲ್ ಸ್ಯಾಲಿಸಿಲೇಟ್ ನೇರಳಾತೀತ ಕಿರಣವನ್ನು ಒಂದಿಷ್ಟು ಹೀರಿಕೊಂಡು ಶಾಖವಾಗಿ ಬಿಟ್ಟುಬಿಡುತ್ತೆ. ಇವತ್ತಿನ ರಾಸಾಯನಿಕ ಸನ್‌ಸ್ಕ್ರೀನುಗಳ ಮೂಲ ತತ್ವವೂ ಇದೇ. ಆದ್ರೆ ಆಗ ಮಾರಿದ್ದು ರಕ್ಷಣೆಯನ್ನಲ್ಲ. ಚರ್ಮ ಸುಡದೆ ಕಂದುಬಣ್ಣ ಬರಿಸಿಕೊಳ್ಳುವ ಆಸೆಯನ್ನು.

ಮಜಾ ನೋಡಿ. 1936ರಲ್ಲಿ ಸಮಾಜವಾದಿ ಲಿಯೋನ್ ಬ್ಲೂಮ್ ನೇತೃತ್ವದ ಸರ್ಕಾರ ಕಾರ್ಮಿಕರಿಗೆ ಎರಡು ವಾರ ಸಂಬಳಸಹಿತ ರಜೆ ಕೊಟ್ಟಿತು. ಬೀಚಿಗೆ ಹೊಸ ಜನ ಬಂದರು, ಎಣ್ಣೆಗೆ ಹೊಸ ಗಿರಾಕಿಗಳು ಸಿಕ್ಕರು. ಅದೇ ಶುಲೆರ್, ಗಣರಾಜ್ಯವನ್ನೇ ಉರುಳಿಸಲು ಸಂಚು ಮಾಡುತ್ತಿದ್ದ ‘ಕಾಗೂಲ್’ ಎಂಬ ಬಲಪಂಥೀಯ ಗುಪ್ತ ಸಂಘಟನೆಗೆ ಹಣ ಕೊಟ್ಟ. ನಾಜಿಗಳು ಫ್ರಾನ್ಸನ್ನು ಆಕ್ರಮಿಸಿಕೊಂಡಾಗ, ಕಾಗೂಲ್‌ನ ನಾಯಕ ಕಟ್ಟಿದ ಹೊಸ ಪಕ್ಷಕ್ಕೂ ಬೆಂಬಲವಾಗಿ ನಿಂತ. ಯುದ್ಧ ಮುಗಿದ ಮೇಲೆ ವಿಚಾರಣೆ ನಡೆಯಿತು, ಪಾರಾದ. 1957ರಲ್ಲಿ ತೀರಿಕೊಂಡ.

ಹಾಗಂತ ಸನ್‌ಸ್ಕ್ರೀನ್ ಬಿಸಾಡಬೇಕಾ? ಬೇಡ. ಅಣುವಿಗೆ ಪಕ್ಷವಿಲ್ಲ. ಮಾರುವವನು ಕೆಟ್ಟವನಾದ ಮಾತ್ರಕ್ಕೆ ಎಣ್ಣೆ ವಿಷವಾಗಲ್ಲ, ಒಳ್ಳೆಯವನಾದ ಮಾತ್ರಕ್ಕೆ ಅಮೃತವೂ ಆಗಲ್ಲ. ಅದನ್ನು ಹೇಳಬೇಕಾದ್ದು ಪರೀಕ್ಷೆ. ಆದರೆ ಪರೀಕ್ಷೆ ಮಾಡಬೇಕಾದವರು ಯಾರು, ಸಾಬೀತು ಮಾಡುವ ಹೊಣೆ ಯಾರದ್ದು ಅನ್ನೋದು ಮಾತ್ರ ಪಕ್ಕಾ ರಾಜಕೀಯ ಪ್ರಶ್ನೆ.

ಉತ್ತರ ಬರೋಕೆ ಎಷ್ಟು ಕಾಲ ಬೇಕಾಯ್ತು ಗೊತ್ತಾ? ಬೆಂಜೈಲ್ ಸ್ಯಾಲಿಸಿಲೇಟ್ ಇವತ್ತು ಹೆಚ್ಚಾಗಿ ಸುಗಂಧದ್ರವ್ಯ. ಕೆಲವರಿಗೆ ಅಲರ್ಜಿ ತರಬಹುದಾದ್ದರಿಂದ ಲೇಬಲ್ಲಿನಲ್ಲಿ ಹೆಸರಿಸಲೇಬೇಕಾದ ಪಟ್ಟಿಗೆ ಯುರೋಪು ಅದನ್ನು ಸೇರಿಸಿದೆ. ಆಕ್ಸಿಬೆಂಜೋನ್ ಸೇರಿ ಹಲವು ಫಿಲ್ಟರುಗಳು ಚರ್ಮ ದಾಟಿ ರಕ್ತಕ್ಕೆ ಹೋಗುತ್ತವೆ ಎಂದು ಅಮೆರಿಕದ ಎಫ್‌ಡಿಎ 2019 ಮತ್ತು 2020ರ ಅಧ್ಯಯನಗಳಲ್ಲಿ ತೋರಿಸಿತು. ರಕ್ತಕ್ಕೆ ಹೋಯ್ತು ಅಂದ್ರೆ ಹಾನಿಯಾಯ್ತು ಅಂತಲ್ಲ. ಇನ್ನಷ್ಟು ಪರೀಕ್ಷೆ ಬೇಕು ಅಂತ. ಸುರಕ್ಷಿತ ಮತ್ತು ಪರಿಣಾಮಕಾರಿ ಎಂದು ಎಫ್‌ಡಿಎ 2019ರಲ್ಲಿ ಪ್ರಸ್ತಾಪಿಸಿದ್ದು ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಎರಡನ್ನೇ. ಯುರೋಪು 2022ರಲ್ಲಿ, ಮೈಗೆ ಹಚ್ಚುವ ಕ್ರೀಮಿನಲ್ಲಿ ಆಕ್ಸಿಬೆಂಜೋನ್ ಮಿತಿಯನ್ನು ಶೇ 2.2ಕ್ಕೆ ಇಳಿಸಿತು. ಇನ್ನೊಂದು ಕಡೆ, ನೇರಳಾತೀತ ಕಿರಣದಿಂದ ಚರ್ಮದ ಕ್ಯಾನ್ಸರ್ ಬರುತ್ತದೆ ಅನ್ನೋದು ಸಾಬೀತಾದ ಸತ್ಯ.

ಶುಲೆರ್ ತನ್ನ ಕಂಪನಿಯ ಬೋರ್ಡಿನ ಮೇಲೆ ‘ನಿರಪಾಯಕಾರಿ’ ಎಂದು ಬರೆಸಿ ನೂರು ವರ್ಷ ದಾಟಿದೆ. ಕ್ರೀಮು ಹಚ್ಚಿಕೊಳ್ಳಿ. ಆ ಪದವನ್ನು ಬರೆಯುವ ಅಧಿಕಾರ ಮಾತ್ರ ಮಾರುವವನ ಕೈಗೆ ಕೊಡಬೇಡಿ.