ಮೆಚ್ಚಿದ ಕಥೆಯನ್ನು ತೆರೆಗೆ ತಂದ ಗುಬ್ಬಿ ವೀರಣ್ಣನವರು

ಚಿತ್ರಕಥೆಯ ಪುಸ್ತಕಗಳಲ್ಲಿ ಮೆಚ್ಚಿದ ವೀರರನ್ನು ತಾವೇ ಚಲನಚಿತ್ರವಾಗಿಸುವ ಹವ್ಯಾಸ ಇಂದಿನ ತರುಣರಲ್ಲಿದೆ. ಮೆಚ್ಚಿದ ಕಥೆಯನ್ನು ತೆರೆಗೆ ತರುವ ಈ ಹಂಬಲದಲ್ಲಿ ನಮ್ಮ ಜಿಲ್ಲೆಯ ಹಿರಿಯರೆಂದರೆ ಗುಬ್ಬಿ ವೀರಣ್ಣನವರು.

1891ರಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ಗುಬ್ಬಿ ನಾಟಕ ಕಂಪನಿಯನ್ನು ಸೇರಿ, ಮುಂದೆ ಅದರ ಒಡೆಯರಾದರು. ‘ಸದಾರಮೆ’ಯ ಕಳ್ಳನ ಪಾತ್ರದಿಂದ ಮನೆಮಾತಾದರು. 1932ರಲ್ಲಿ ‘ಹರಿಮಾಯಾ’ ಎಂಬ ಮೂಕಿ ಚಿತ್ರದಲ್ಲಿ ನಟಿಸಿದರು. ಆದರೆ ಮಾತಿನಿಂದ ನಗಿಸುವ ನಟನಿಗೆ ಮೂಕಿ ಸಾಲದು. 1935ರಲ್ಲಿ ‘ಸದಾರಮೆ’ ವಾಕ್ಚಿತ್ರವಾದಾಗ ಅದರಲ್ಲಿಯೂ ಅಭಿನಯಿಸಿದರು. 1954ರಲ್ಲಿ ತಮ್ಮ ಕಂಪನಿಯ ನಾಟಕ ‘ಬೇಡರ ಕಣ್ಣಪ್ಪ’ವನ್ನು ತೆರೆಗೆ ತರುವಲ್ಲಿ ಪಾಲುಗೊಂಡರು. ರಂಗಭೂಮಿಯಲ್ಲಿ ಪಳಗಿದ ರಾಜ್‌ಕುಮಾರ್, ತಿಪಟೂರಿನ ನರಸಿಂಹರಾಜು ಇಬ್ಬರಿಗೂ ಅದು ಕೀರ್ತಿ ತಂದಿತು. 1972ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದ ವೀರಣ್ಣನವರು ಅದೇ ವರ್ಷ ಕಾಲವಾದರು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಹೊಲಗೆಲಸ ಮುಗಿಸಿ, ‘ಕುರುಕ್ಷೇತ್ರ’ ಕಲಿತು ಬಣ್ಣ ಹಚ್ಚಿದ ನಮ್ಮ ತಂದೆ ತಾತಂದಿರೂ ಇಂಥ ಅಭಿಮಾನಿಗಳೇ. ಅವರ ಮನೆಗಳಿಂದ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲೇರಿದ ನಾವು ಪರದೇಶದ ವೀರರನ್ನು ಮೆಚ್ಚುವುದು ತಪ್ಪಲ್ಲ. ಆದರೆ ತಂದೆಯ ಭೀಮನನ್ನು ಕಂಡು ನಾಚಿದರೆ, ನಾವು ಕಲಿತ ಅಕ್ಷರಕ್ಕೆ ಬೆಲೆಯೆಲ್ಲಿ?