ಚಾರ್ಜ್‌ಶೀಟಿನಲ್ಲಿ ಹೆಸರಿಲ್ಲ, ಜೈಲಿನಲ್ಲಿ ಎಂಟು ತಿಂಗಳು!

ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಗೆ ಕಾಯುವ ಹಳೇ ಕಾರ್ಖಾನೆ ಜನರ ಹತ್ತಿರ ಎಮರ್ಜೆನ್ಸಿ ಮಾತು ತೆಗೆದರೆ ಫರ್ನಾಂಡಿಸ್ ಹೆಸರು ಬಂದೇ ಬರುತ್ತೆ. ಬಾರದೆ ಏನು? ಜಾರ್ಜ್ ಫರ್ನಾಂಡಿಸರ ತಮ್ಮ ಮೈಕೆಲ್ ಇಲ್ಲೇ ದೂರವಾಣಿನಗರದ ಐಟಿಐ ಕಾರ್ಖಾನೆಯ ಕಾರ್ಮಿಕ ಮುಖಂಡ. ಅವರನ್ನೂ ಜೈಲಿಗೆ ಹಾಕಿದ್ದರು. ಇನ್ನೊಬ್ಬ ತಮ್ಮ ಲಾರೆನ್ಸ್ ಬೆಂಗಳೂರು ಪೊಲೀಸರ ಕೈಗೆ ಸಿಕ್ಕಿ ಏಟು ತಿಂದವರು. ಹಾಗಾಗಿ ಬರೋಡಾ ಡೈನಮೈಟ್ ಕೇಸು ಎಂದರೆ ಈ ಕಡೆಯವರಿಗೆ ಮೂವರು ಅಣ್ಣತಮ್ಮಂದಿರ ಕಥೆ. ಆದರೆ ಆ ಗಲಾಟೆಯಲ್ಲಿ ಈ ಊರು ಕಳೆದುಕೊಂಡದ್ದು ಒಬ್ಬ ಹೆಂಗಸನ್ನು. ಮಜಾ ಅಂದರೆ, ಕೇಸಿನ ಕೊನೇ ಚಾರ್ಜ್‌ಶೀಟಿನಲ್ಲಿ ಆಕೆಯ ಹೆಸರೇ ಇರಲಿಲ್ಲ.

ಆಕೆ ಸ್ನೇಹಲತಾ ರೆಡ್ಡಿ. ‘ಸಂಸ್ಕಾರ’ ಸಿನಿಮಾದ ಚಂದ್ರಿ ಅಂದರೆ ತಟ್ಟನೆ ಗೊತ್ತಾಗುತ್ತೆ.

ಹುಟ್ಟಿದ್ದು 1932ರಲ್ಲಿ, ಆಂಧ್ರದ ಕಡೆ, ಕ್ರಿಶ್ಚಿಯನ್ ಮನೆತನದಲ್ಲಿ. ಭರತನಾಟ್ಯ ಕಲಿತರು. 1947ರಲ್ಲಿ ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿಯವರ ಕೈ ಹಿಡಿದರು. ಮದರಾಸಿನಲ್ಲಿ ಮದ್ರಾಸ್ ಪ್ಲೇಯರ್ಸ್ ನಾಟಕ ತಂಡ ಕಟ್ಟಿದವರಲ್ಲಿ ಆಕೆಯೂ ಒಬ್ಬರು. ಗಂಡ ಹೆಂಡತಿ ಇಬ್ಬರಿಗೂ ಲೋಹಿಯಾ ಹುಚ್ಚು; ಆ ನಂಟಿನಿಂದಲೇ ಜಾರ್ಜ್ ಸ್ನೇಹ. 1970ರಲ್ಲಿ ಪಟ್ಟಾಭಿ ಅನಂತಮೂರ್ತಿಯವರ ಕಾದಂಬರಿ ಹಿಡಿದು ‘ಸಂಸ್ಕಾರ’ ತೆಗೆದರು. ಕಾರ್ನಾಡ್ ಪ್ರಾಣೇಶಾಚಾರ್ಯ, ಲಂಕೇಶ್ ನಾರಣಪ್ಪ, ಸ್ನೇಹಲತಾ ಚಂದ್ರಿ. ಮೊದಲು ಸೆನ್ಸಾರಿನವರು ತಡೆದರು, ಆಮೇಲೆ ಅದೇ ಚಿತ್ರಕ್ಕೆ ರಾಷ್ಟ್ರಪತಿ ಸ್ವರ್ಣಕಮಲ ಬಂತು. ನಮ್ಮ ಸರ್ಕಾರಗಳ ಕಥೆಯೇ ಹೀಗೆ.

1975ರ ಜೂನ್ 25ರ ರಾತ್ರಿ ಎಮರ್ಜೆನ್ಸಿ ಬಿತ್ತು. ಜಾರ್ಜ್ ಭೂಗತರಾದರು. ಗುಜರಾತಿನ ಕಡೆಯಿಂದ ಕ್ವಾರಿ ಡೈನಮೈಟ್ ತರಿಸಿ ಸೇತುವೆ, ರೈಲು ಹಳಿ ಹಾರಿಸುವ ಸಂಚು ಮಾಡಿದ್ದಾರೆ ಅಂತ ಪೊಲೀಸರ ಆರೋಪ. 1976ರ ಮಾರ್ಚಿನಲ್ಲಿ ಬರೋಡಾದಲ್ಲಿ ಕೆಲವರು ಸಿಕ್ಕರು. ಜಾರ್ಜ್ ಮಾತ್ರ ಸಿಗಲಿಲ್ಲ. ಅಣ್ಣ ಸಿಗದಿದ್ದರೆ ತಮ್ಮ, ತಮ್ಮ ಬಾಯಿ ಬಿಡದಿದ್ದರೆ ಸ್ನೇಹಿತರು! ಮೇ 1ಕ್ಕೆ ಲಾರೆನ್ಸರನ್ನು ಎತ್ತಿಕೊಂಡು ಹೋದರು. ಮೇ 2ಕ್ಕೆ ಸ್ನೇಹಲತಾ ಅರೆಸ್ಟ್. ಒಳಸಂಚಿನ ಕಲಮು ಹಾಕಿದರು, ದೆಹಲಿಯ ಪಾರ್ಲಿಮೆಂಟ್ ಕಟ್ಟಡ ಸಿಡಿಸುವ ಸಂಚಿನಲ್ಲಿ ಇದ್ದಾಳೆ ಅಂತ. ಆಕೆಗೆ ಆಗ 44ರ ಹತ್ತಿರದ ವಯಸ್ಸು, ಬಹಳ ವರ್ಷದ ಉಬ್ಬಸ ಬೇರೆ.

ಇಲ್ಲಿ ಸ್ವಲ್ಪ ಕಾನೂನು ನೋಡಬೇಕು. ಸಿಡಿಮದ್ದು, ಆಯುಧ ಇಟ್ಟುಕೊಂಡ ಕೇಸು ಎಷ್ಟೇ ಭಯಂಕರವಾಗಿ ಕಂಡರೂ ಆರೋಪಿಗೆ ಹೋರಾಡೋಕೆ ಜಾಗ ಇರುತ್ತೆ. 1908ರ ಸ್ಫೋಟಕ ವಸ್ತುಗಳ ಕಾಯ್ದೆ ಪ್ರಕಾರ ಆಗ ಸರ್ಕಾರದ ಒಪ್ಪಿಗೆ ಇಲ್ಲದೆ ವಿಚಾರಣೆಯೇ ನಡೆಯೋ ಹಾಗಿರಲಿಲ್ಲ. ವಕೀಲನ ಮೊದಲ ಪೆಟ್ಟು ಆ ಕಾಗದದ ಮೇಲೆ. ಎರಡನೆಯದು, ಮಾಲು ಸಿಕ್ಕಿದ್ದು ಯಾರ ವಶದಲ್ಲಿ? ಮಹಜರಿಗೆ ಸಹಿ ಹಾಕಿದವರು ಯಾರು? ಮನೆಯಲ್ಲಿ ಸಿಕ್ಕಿದ ಮಾತ್ರಕ್ಕೆ ಮನೆಯವರಿಗೆಲ್ಲ ಗೊತ್ತಿತ್ತು ಎನ್ನುವ ಹಾಗಿಲ್ಲ. ತಿಳಿದೂ ಇಟ್ಟುಕೊಂಡಿದ್ದನೇ ಅನ್ನುವುದನ್ನು ಪ್ರಾಸಿಕ್ಯೂಷನ್ ತೋರಿಸಬೇಕು. ಅದಾದ ಮೇಲೆ ಆರೋಪಿ ಇದು ಕಾನೂನುಬದ್ಧ ಕೆಲಸಕ್ಕೆ ಅಂತ ತೋರಿಸಬೇಕು. ಕ್ವಾರಿಯವನ ಕೈಯಲ್ಲಿ ಇದ್ದರೆ ಲೈಸೆನ್ಸಿನ ಸರಕು, ಬೇರೆಯವರ ಕೈಗೆ ಬಂದರೆ ಅಪರಾಧ. ಪಾಟೀಸವಾಲು, ಜಾಮೀನು, ವಾಯಿದೆ... ಏನೇ ಆಗಲಿ ಎದುರಿಗೊಬ್ಬ ಜಡ್ಜ್ ಕೂತಿರುತ್ತಾನೆ.

ಜಾರ್ಜ್‌ಗೆ ಅದು ಸಿಕ್ಕಿತು. ಜೂನ್ 10ಕ್ಕೆ ಕಲ್ಕತ್ತಾದಲ್ಲಿ ಹಿಡಿದರು, ಸೆಪ್ಟೆಂಬರಿನಲ್ಲಿ ದೆಹಲಿ ಕೋರ್ಟಿನಲ್ಲಿ 25 ಜನರ ಮೇಲೆ ಚಾರ್ಜ್‌ಶೀಟ್. ಅದರಲ್ಲಿ ಪತ್ರಕರ್ತರು, ಕೈಗಾರಿಕೋದ್ಯಮಿ ವೀರೇನ್ ಷಾ, ನಮ್ಮ ಸಿ.ಜಿ.ಕೆ. ರೆಡ್ಡಿ ಎಲ್ಲ ಇದ್ದರು. ಆರೋಪಿಗಳ ಪರ ವಕೀಲರು ನಿಂತರು. ಅವರಲ್ಲಿ ಹರಿಯಾಣದ ಒಬ್ಬ ಯುವತಿ ಸುಷ್ಮಾ ಸ್ವರಾಜ್. 1999ರಲ್ಲಿ ಬಳ್ಳಾರಿಗೆ ಬಂದು ಸೋನಿಯಾ ಎದುರು ನಿಂತು ಸೋತರಲ್ಲ, ಅವರೇ. ಕೋರ್ಟಿಗೆ ತರುವಾಗ ಜಾರ್ಜ್ ಕೈಕೋಳ ಎತ್ತಿ ತೋರಿಸಿದ ಫೋಟೋ ದೇಶವೆಲ್ಲ ನೋಡಿತು.

ಸ್ನೇಹಲತಾಗೆ ಏನು ಸಿಕ್ಕಿತು? ಸಂಚಿನ ಆರೋಪ ನಿಲ್ಲಲಿಲ್ಲ, 25 ಜನರ ಪಟ್ಟಿಯಲ್ಲಿ ಆಕೆಯನ್ನು ಸೇರಿಸಲೂ ಇಲ್ಲ. ಹಾಗಾದರೆ ಮನೆಗೆ ಕಳಿಸಬೇಕಿತ್ತಲ್ಲ? ಕಳಿಸಲಿಲ್ಲ. ಮೀಸಾ ಹಾಕಿ ಒಳಗೇ ಇಟ್ಟುಕೊಂಡರು. ಮೀಸಾದಲ್ಲಿ ಕಾರಣ ಹೇಳುವ ಹಂಗೂ ಇರಲಿಲ್ಲ. ಹೇಬಿಯಸ್ ಕಾರ್ಪಸ್ ಹಾಕೋಣ ಅಂದರೆ ಆ ಬಾಗಿಲಿಗೂ ಬೀಗ ಬಿದ್ದಿತ್ತು. ಎಮರ್ಜೆನ್ಸಿ ಇರುವ ತನಕ ಬಂಧಿತರು ಕೋರ್ಟಿಗೆ ಬರುವಂತಿಲ್ಲ ಅಂತ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಜಡ್ಜುಗಳು ತೀರ್ಪು ಕೊಟ್ಟಿದ್ದು 1976ರ ಏಪ್ರಿಲ್ 28ರಂದು. ಒಪ್ಪದೆ ಉಳಿದವರು ಎಚ್.ಆರ್. ಖನ್ನಾ ಒಬ್ಬರೇ. ಸ್ನೇಹಲತಾ ಅರೆಸ್ಟ್ ಆದದ್ದು ಅದಾಗಿ ನಾಲ್ಕೇ ದಿನಕ್ಕೆ. ಡೈನಮೈಟ್ ಇಟ್ಟಿದ್ದ ಅಂತ ಆರೋಪ ಹೊತ್ತವನಿಗೆ ಕೋರ್ಟು ಇತ್ತು, ಆರೋಪವೇ ಇಲ್ಲದವಳಿಗೆ ಇರಲಿಲ್ಲ.

ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಒಬ್ಬಂಟಿ ಕೋಣೆ. ಉಬ್ಬಸಕ್ಕೆ ಸರಿಯಾದ ಔಷಧಿ ಇಲ್ಲ. ಅದೇ ಜೈಲಿನಲ್ಲಿದ್ದ ಮಧು ದಂಡವತೆ ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಕೂಗು ಕೇಳುತ್ತಿತ್ತು ಎಂದು ಆಮೇಲೆ ಬರೆದಿದ್ದಾರೆ. ಆದರೆ ಆಕೆ ಅಳುತ್ತಾ ಕೂತವರಲ್ಲ. ಹೆಂಗಸು ಕೈದಿಗಳಿಗೆ ಹೊಡೆಯೋದನ್ನು ನಿಲ್ಲಿಸಿ ಅಂತ ಜಗಳಕ್ಕೆ ನಿಂತರು. ಊಟ ಸರಿಯಿಲ್ಲ ಅಂತ ಉಪವಾಸ ಮಾಡಿದರು. ಕಳ್ಳತನ, ಜಗಳದ ಕೇಸಿನಲ್ಲಿ ಬಂದಿದ್ದ ಬಡ ಹೆಂಗಸರನ್ನು ಸೇರಿಸಿ ಹಾಡು, ನಾಟಕ ಕಲಿಸಿದರು. ಡೈರಿ ಬರೆದರು. ಎಲ್ಲವೂ ಏದುಸಿರು ಬಿಡುತ್ತಲೇ.

ಇನ್ನು ಉಳಿಯೋದಿಲ್ಲ ಅಂತ ಕಂಡಾಗ, 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಗಮನಿಸಿ, ಬಿಡುಗಡೆ ಅಲ್ಲ, ಪೆರೋಲ್. 18ಕ್ಕೆ ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ಕ್ಕೆ ಸ್ನೇಹಲತಾ ತೀರಿಕೊಂಡರು.

ಮಾರ್ಚಿನಲ್ಲಿ ಜಾರ್ಜ್ ಜೈಲಿನಿಂದಲೇ ಮುಜಫರ್‌ಪುರ ಗೆದ್ದರು, ಮಂತ್ರಿಯೂ ಆದರು. ಜನತಾ ಸರ್ಕಾರ ಬಂದಿದ್ದೇ ಡೈನಮೈಟ್ ಕೇಸು ವಾಪಸ್. ಮಾಲು ಯಾರ ವಶದಲ್ಲಿತ್ತು ಅನ್ನೋ ವಾದ ಕೋರ್ಟಿನಲ್ಲಿ ಕೊನೆ ಮುಟ್ಟಲೇ ಇಲ್ಲ. ಸಿ.ಜಿ.ಕೆ. ಮಾತ್ರ ಮುಚ್ಚುಮರೆ ಮಾಡದೆ ಆ ಕೇಸಿನ ಮೇಲೆ ಪುಸ್ತಕ ಬರೆದರು, ಬಂಡೇಳುವ ಹಕ್ಕು ಅಂತ ಅದಕ್ಕೆ ಉಪಶೀರ್ಷಿಕೆ ಕೊಟ್ಟು. ಸ್ನೇಹಲತಾ ಡೈರಿಯೂ ಅದೇ ವರ್ಷ ಅಚ್ಚಾಯಿತು. ಕರ್ನಾಟಕದ ಮಾನವ ಹಕ್ಕು ಸಮಿತಿಯವರು ತಂದರು.

ಕೋರ್ಟಿನ ಬಾಗಿಲು ಮುಚ್ಚಿದ್ದ ಆ ತೀರ್ಪು ತಪ್ಪು ಎಂದು ಸುಪ್ರೀಂ ಕೋರ್ಟೇ ಒಪ್ಪಿ ತಳ್ಳಿಹಾಕಿದ್ದು 2017ರ ಆಗಸ್ಟ್ 24ರಂದು, ಖಾಸಗಿತನದ ಕೇಸಿನಲ್ಲಿ. ಆ ಕೇಸು ಹಾಕಿದವರೂ ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜ್ ಕೆ.ಎಸ್. ಪುಟ್ಟಸ್ವಾಮಿ. ಆಗ ಆಕೆ ಸತ್ತು 40 ವರ್ಷ ದಾಟಿತ್ತು.

ಆ ಜೈಲು ಈಗ ಫ್ರೀಡಂ ಪಾರ್ಕ್. ಟಿನ್ ಫ್ಯಾಕ್ಟರಿ ಕಡೆಯವರು ಬೆನ್ನಿಗಾನಹಳ್ಳಿಯಲ್ಲಿ ಮೆಟ್ರೋ ಹತ್ತಿ ಸೆಂಟ್ರಲ್ ಕಾಲೇಜಿನ ಹತ್ತಿರ ಇಳಿದರೆ ನಡೆದೇ ಹೋಗಬಹುದು. ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋಗಿ ಎಷ್ಟೋ ಕಾಲವಾಯಿತು, ಹಳೇ ಬ್ಯಾರಕ್ಕು, ಕಾವಲು ಗೋಪುರ ಇನ್ನೂ ನಿಂತಿವೆ.